ಭಾನುವಾರದ ಕೆಲಸ: ಹೆಂಚಿನ ನಿಲ್ದಾಣ, ಕೆಂಪು ಮಣ್ಣು

ಎಲ್ಲರಿಗೂ ನಮಸ್ಕಾರ. ನಮ್ಮ ಮಾದರಿ ರೈಲಿನ ಹಳಿ ಕೆಲಸ ಮುಗಿಯಿತು. ಇನ್ನು ಊರು ಕಟ್ಟಬೇಕು. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ ಇರಬಹುದಾದಂಥ ಒಂದು ಸಣ್ಣ ಹಳೇ ನಿಲ್ದಾಣದಿಂದ ಶುರು ಮಾಡೋಣ.

ದಯವಿಟ್ಟು ವಿದೇಶಿ ಮನೆಗಳ ಕಿಟ್ ತರಬೇಡಿ. ಎಷ್ಟು ಚೆನ್ನಾಗಿದ್ದರೂ ಅದು ನಮ್ಮ ಊರಾಗುವುದಿಲ್ಲ. ರಟ್ಟಿನಲ್ಲೇ ಕಟ್ಟೋಣ. ನಮ್ಮದು ಎಚ್ಓ ಅಳತೆ, ಅಂದರೆ ನಿಜವಾದ ಗಾತ್ರದ 87ರಲ್ಲಿ 1 ಪಾಲು. ಏಳು ಅಡಿಯ ಬಾಗಿಲು ಇಲ್ಲಿ ಸುಮಾರು 24.5 ಮಿಲಿಮೀಟರ್. ಮಂಗಳೂರು ಹೆಂಚು 5 ಮಿಲಿಮೀಟರ್ ಕೂಡ ಇಲ್ಲ! ಆದ್ದರಿಂದ ಬಿಡಿ ಹೆಂಚು ಬೇಡ, ಸಣ್ಣ ಅಲೆಯ ರಟ್ಟನ್ನು ಪಟ್ಟಿಗಳಾಗಿ ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಅಂಟಿಸಿ. ಒಂದೇ ಕೆಂಪು ಬಳಿಯಬೇಡಿ. ಮಳೆಗೆ ಕಪ್ಪಾದ ಹೆಂಚು, ನಡುವೆ ಹೊಸದಾಗಿ ಹಾಕಿದ ಒಂದೆರಡು ಹೆಂಚು, ಇವೇ ಮಾಡಿಗೆ ಜೀವ ಕೊಡುವುದು.

ಮಣ್ಣನ್ನು ನಮ್ಮ ಸುತ್ತಮುತ್ತಲೇ ತೆಗೆಯೋಣ. ಚೆನ್ನಾಗಿ ಒಣಗಿಸಿ, ಹಳೇ ವೇಲ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಅಯಸ್ಕಾಂತ ಆಡಿಸುವುದನ್ನು ಮರೆಯಬೇಡಿ. ಕೆಂಪು ಮಣ್ಣಿನ ಕಬ್ಬಿಣದ ಕಣಗಳು ಎಂಜಿನ್ ಮೋಟರ್‌ಗೆ ಸೇರಿದರೆ ಕಷ್ಟ. ಅಂಟಿಸಲು ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಹನಿ ಹಾಕದಿದ್ದರೆ ಅಂಟು ಮಣ್ಣಿಗೆ ಇಳಿಯುವುದೇ ಇಲ್ಲ.

ಹಳಿ ಪಕ್ಕಕ್ಕೆ ಕಲ್ಲುಚಪ್ಪಡಿ ಬೇಲಿ, ಒಂದು ಹುಣಸೆ ಮರ ಬೇಕೇ ಬೇಕು. ಹಳದಿ ನಾಮಫಲಕದಲ್ಲಿ ಕನ್ನಡ ಮೇಲಿರಲಿ, ಕೆಳಗೆ ಸಮುದ್ರಮಟ್ಟದಿಂದ ಎತ್ತರವನ್ನೂ ಬರೆಯೋಣ.

ಮನೆಯಲ್ಲಿ ರಟ್ಟು, ಹಳೇ ಬ್ರಶ್ ಇದ್ದವರು ಬೆಳಗ್ಗೆ 10ಕ್ಕೆ ತನ್ನಿ. ಮಕ್ಕಳನ್ನೂ ಕರೆತನ್ನಿ, ಹುಣಸೆ ಮರ ಅವರೇ ಮಾಡಲಿ.