ಚಿತ್ರ ಬರೆದವನ ಹೆಸರು ಎಲ್ಲಿ?

ಸರಸ್ವತೀಪುರಂ, ಮೈಸೂರು

ಪ್ರೀತಿಯ ಮಗಳೇ,

ಆಶೀರ್ವಾದಗಳು. ನಿನ್ನ ಕಾಗದವೂ ಸೂಪರ್‌ಹೀರೋ ಕಾಮಿಕ್ಸ್‌ನ ಹಸ್ತಪ್ರತಿಯೂ ಕೈಸೇರಿದವು. ಇಬ್ಬರು ಪ್ರಕಾಶಕರು ಪುಟ ತಿರುವದೆಯೇ ಹಿಂದಕ್ಕೆ ಕಳುಹಿಸಿದರೆಂದೂ, ಲಾರಿ ಎತ್ತುವ ಹುಡುಗಿಯ ಕಥೆ ಸಾಹಿತ್ಯವಾಗುವುದು ಹೇಗೆಂದು ಮಂಡ್ಯದ ಅಧ್ಯಾಪಕರೊಬ್ಬರು ನಕ್ಕರೆಂದೂ ಬರೆದಿದ್ದೀಯೆ. ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯೆ. ಬಿಡಕೂಡದು. ಎಷ್ಟು ಪುಟವಿರಬೇಕು, ಬಣ್ಣವೋ ಕಪ್ಪು-ಬಿಳುಪೋ, ಯಾವ ಕಾಗದ ಎಂಬ ನಿನ್ನ ಉಳಿದ ಪ್ರಶ್ನೆಗಳಿಗೆ ಮುದ್ರಣಾಲಯದವರು ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಮೊದಲ ಪುಟದಲ್ಲಿ ‘ಕಥೆ, ಪರಿಕಲ್ಪನೆ, ರಚನೆ’ ಎಂದು ಹಾಕಿ, ಕೆಳಗೆ ನಿನ್ನೊಬ್ಬಳ ಹೆಸರನ್ನೇ ಬರೆದಿದ್ದೀಯೆ. ಚಿತ್ರಗಳನ್ನೆಲ್ಲ ಬರೆದವನು ಮದ್ದೂರಿನಲ್ಲಿ ಅಂಗಡಿಗಳ ಬೋರ್ಡ್ ಬರೆದು ಜೀವನ ಮಾಡುವ ನಿನ್ನ ಸೋದರಮಾವನ ಮಗ ಎಂಬುದು ನನಗೆ ತಿಳಿದದ್ದು ಕೊನೆಯ ಪುಟದಲ್ಲಿ, ಟೈಪ್ ಮಾಡಿಕೊಟ್ಟವರಿಗೂ ಜೆರಾಕ್ಸ್ ತೆಗೆದುಕೊಟ್ಟವರಿಗೂ ಹೇಳಿದ ಕೃತಜ್ಞತೆಯ ನಡುವೆ. ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡ. ನೀನು ಕೈಹಾಕಿರುವ ಈ ಪ್ರಕಾರದ ಚರಿತ್ರೆಯಲ್ಲಿ ಇದಕ್ಕಿಂತ ಹಳೆಯ ಗಾಯ ಇನ್ನೊಂದಿಲ್ಲ.

1938ರ ಜೂನ್ ತಿಂಗಳ ಹೆಸರಿನಲ್ಲಿ ಹೊರಬಂದ, ಹತ್ತು ಸೆಂಟ್ ಬೆಲೆಯ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಅವನನ್ನು ಕಲ್ಪಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಜೆರ್ರಿ ಸೀಗಲ್ ಕಥೆ ಬರೆದ, ಜೋ ಶುಸ್ಟರ್ ಚಿತ್ರ ಬರೆದ. 130 ಡಾಲರ್‌ಗೆ ಇಬ್ಬರೂ ತಮ್ಮ ಹಕ್ಕನ್ನೆಲ್ಲ ಪ್ರಕಾಶನ ಕಂಪನಿಗೆ ಬರೆದುಕೊಟ್ಟರು. ಮುಂದೆ ಆ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ, ಕಥೆಯ ಮೇಲಿದ್ದ ಹೆಸರುಗಳೂ ಹೋದವು. 1975ರಲ್ಲಿ ಸೂಪರ್‌ಮ್ಯಾನ್ ಸಿನಿಮಾಕ್ಕೆ ದೊಡ್ಡ ಸಿದ್ಧತೆ ನಡೆದಿದ್ದಾಗ ಶುಸ್ಟರ್‌ಗೆ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ, ಸೀಗಲ್ ಗುಮಾಸ್ತಿಕೆ ಮಾಡುತ್ತಿದ್ದ. ಸೀಗಲ್ ಪತ್ರಿಕೆಗಳಿಗೆ ಬರೆದು ಗೋಳು ತೋಡಿಕೊಂಡು, ವ್ಯಂಗ್ಯಚಿತ್ರಕಾರರು ಬೆನ್ನಿಗೆ ನಿಂತ ಮೇಲೆ ಕಂಪನಿ ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರ್ ಕೊಡಲು ಒಪ್ಪಿತು, ಹೆಸರುಗಳೂ ಹಿಂದಿರುಗಿದವು. ಆ 130 ಡಾಲರ್ ಒಳಗೊಂಡಿದ್ದ ಹಳೆಯ ಚೆಕ್ಕೇ 2012ರ ಹರಾಜಿನಲ್ಲಿ 1,60,000 ಡಾಲರ್‌ಗೆ ಹೋಯಿತು. ನೀನು ಗಮನಿಸಬೇಕಾದದ್ದು ಹಣವನ್ನಲ್ಲ. ಕಥೆ ಬರೆದ ಸೀಗಲ್ ಕೊನೆಯವರೆಗೂ ತನ್ನೊಬ್ಬನ ಹೆಸರಿಗಾಗಿ ಹೋರಾಡಲಿಲ್ಲ. ಶುಸ್ಟರ್‌ನ ಹೆಸರನ್ನೂ ಸೇರಿಸಿಯೇ ಕೇಳಿದ.

ಬ್ಯಾಟ್‌ಮ್ಯಾನ್‌ನ ವಿಷಯದಲ್ಲಿ ಇದರ ತಿರುವುಮುರುವು ನಡೆಯಿತು. 1939ರಲ್ಲಿ ಚಿತ್ರಕಾರ ಬಾಬ್ ಕೇನ್ ಮೊದಲು ಬರೆದದ್ದು ಕೆಂಪು ಉಡುಪು ತೊಟ್ಟು, ಬಿಗಿಯಾದ ರೆಕ್ಕೆ ಕಟ್ಟಿಕೊಂಡ ಒಂದು ಆಕೃತಿ. ತಲೆ ಮುಚ್ಚುವ ಮುಸುಕು, ಮೇಲಂಗಿ, ಕೈಗವಸು, ಬೂದುಬಣ್ಣ, ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರು, ಎಲ್ಲವೂ ಬಿಲ್ ಫಿಂಗರ್ ಎಂಬ ಬರಹಗಾರ ಕೊಟ್ಟದ್ದು. ಆದರೆ ಒಪ್ಪಂದ ಕೇನ್ ಹೆಸರಿನಲ್ಲಿತ್ತು. ಫಿಂಗರ್ 1974ರಲ್ಲಿ ತೀರಿಕೊಂಡ. ಸೃಷ್ಟಿಕರ್ತರ ಸಾಲಿನಲ್ಲಿ ಅವನ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಅಲ್ಲಿ ಅಳಿಸಿಹೋದವನು ಬರೆಯುವವನು. ನಿನ್ನ ಹಸ್ತಪ್ರತಿಯಲ್ಲಿ ಬರೆಯುವವಳು ನೀನು, ಅಳಿಸಿಹೋಗುತ್ತಿರುವವನು ಅವನು.

ಚಿತ್ರ ಬರೆಯುವವನು ಹೇಳಿದ್ದನ್ನು ಬಿಡಿಸಿಕೊಡುವವನಷ್ಟೇ ಎಂಬ ಭಾವನೆ ನಿನಗಿರಬಹುದು. 1960ರ ದಶಕದ ಮಾರ್ವೆಲ್ ಕಾಮಿಕ್ಸ್ ತಯಾರಾಗುತ್ತಿದ್ದ ಬಗೆಯನ್ನು ತಿಳಿದುಕೋ. ಬರಹಗಾರ ಸ್ಟ್ಯಾನ್ ಲೀ ಕಥೆಯ ಎಳೆಯನ್ನಷ್ಟೇ ಹೇಳುತ್ತಿದ್ದ. ಚಿತ್ರಕಾರರಾದ ಜ್ಯಾಕ್ ಕರ್ಬಿಯೋ ಸ್ಟೀವ್ ಡಿಟ್ಕೋನೋ ಪುಟಗಳನ್ನು ಪೂರ್ತಿ ಬರೆದು ತಂದ ಮೇಲೆ ಲೀ ಮಾತುಗಳನ್ನು ತುಂಬುತ್ತಿದ್ದ. ಯಾವ ಘಟನೆಗೆ ಎಷ್ಟು ಜಾಗ, ಯಾರ ಮುಖ ಯಾವಾಗ ಕಾಣಬೇಕು, ಎಲ್ಲಿ ಮೌನ ಎಂಬುದೆಲ್ಲ ಚಿತ್ರಕಾರನ ತೀರ್ಮಾನ. 1966ರ ಮಾರ್ಚ್ ತಿಂಗಳ ಹೆಸರಿನಲ್ಲಿ ಹೊರಬಂದ ‘ಫೆಂಟಾಸ್ಟಿಕ್ ಫೋರ್’ನ 48ನೆಯ ಸಂಚಿಕೆಯ ಪುಟಗಳನ್ನು ಕರ್ಬಿ ತಂದುಕೊಟ್ಟಾಗ, ಹಲಗೆಯೊಂದರ ಮೇಲೆ ಆಕಾಶದಲ್ಲಿ ಸಾಗಿಬರುವ ಬೆಳ್ಳಿಯ ಮೈಯವನೊಬ್ಬ ಅದರಲ್ಲಿದ್ದ. ಅವನು ಲೀ ಹೇಳಿದ ಎಳೆಯಲ್ಲಿ ಇರಲೇ ಇಲ್ಲ. ಲೋಕಗಳನ್ನು ನುಂಗುವಷ್ಟು ದೊಡ್ಡವನಾದ ಆ ಕಥೆಯ ಖಳನಾಯಕನಿಗೆ ಮುಂದೆ ಹೋಗಿ ದಾರಿ ನೋಡುವ ದೂತನೊಬ್ಬ ಇರಬೇಕೆಂದು ಕರ್ಬಿಗೆ ತೋರಿತ್ತು. ಸಿಲ್ವರ್ ಸರ್ಫರ್ ಹುಟ್ಟಿದ್ದು ಹಾಗೆ. ಅದೇ ಕರ್ಬಿ ತನ್ನ ಕೈಯಿಂದಲೇ ಬರೆದ ಮೂಲ ಪುಟಗಳನ್ನು ಹಿಂದಕ್ಕೆ ಪಡೆಯಲು 1980ರ ದಶಕದಲ್ಲಿ ವರ್ಷಗಟ್ಟಲೆ ಬಡಿದಾಡಬೇಕಾಯಿತು.

ಈಗ ನಿನ್ನ ಹಸ್ತಪ್ರತಿಯ 23ನೆಯ ಪುಟವನ್ನು ತೆಗೆ. ಕಬ್ಬು ತುಂಬಿ ನಾಲೆಗೆ ಉರುಳಿದ ಲಾರಿಯನ್ನು ಎತ್ತಿ ನಿಲ್ಲಿಸಿ, ನಿನ್ನ ನಾಯಕಿ ರಾತ್ರಿ ಮನೆಗೆ ಬರುತ್ತಾಳೆ. ‘ಅವಳಿಗೆ ಅಪಾರ ಆಯಾಸವಾಗಿತ್ತು’ ಎಂದು ನೀನು ಮೇಲೆ ಬರೆದಿದ್ದೀಯೆ. ಆ ಸಾಲು ಬೇಡ, ಹೊಡೆದುಹಾಕು. ಕೆಳಗಿನ ಚಿತ್ರವನ್ನು ನೋಡು: ಅವಳು ಹೊಸ್ತಿಲ ಹೊರಗೆ ನಿಂತು ಚೆಂಬಿನ ನೀರಲ್ಲಿ ಕೈ ತೊಳೆಯುತ್ತಿದ್ದಾಳೆ, ಮೊಣಕೈವರೆಗೂ ಕಬ್ಬಿನ ಗರಿ ಕೊಯ್ದ ಸಣ್ಣ ಸಣ್ಣ ಗೆರೆಗಳಿವೆ, ಕೆಲವು ಹಳೆಯವು, ಕೆಲವು ಹಸಿಯವು. ನೀನು ಜೊತೆಗಿಟ್ಟು ಕಳುಹಿಸಿದ ಟೈಪ್ ಮಾಡಿದ ಪ್ರತಿಯಲ್ಲಿ ಆ ಗೆರೆಗಳ ಮಾತೇ ಇಲ್ಲ. ನಾನು ಎರಡು ಸಲ ಹುಡುಕಿದೆ. ಲಾರಿ ಎತ್ತುವ ತೋಳನ್ನೂ ಗರಿ ಕೊಯ್ಯುತ್ತದೆ, ಶಕ್ತಿ ಬಂದ ಮೇಲೂ ಅವಳು ಹಗಲು ಕೂಲಿಗೆ ಹೋಗುತ್ತಿದ್ದಾಳೆ ಎಂಬುದನ್ನು ಕಂಡವನು ಮದ್ದೂರಿನ ಹುಡುಗ. ನಿನ್ನ ನಾಯಕಿಯನ್ನು ನಾನು ನಂಬಿದ್ದು ಆ ಪುಟದಿಂದ. ‘ಪರಿಕಲ್ಪನೆ’ ನಿನ್ನೊಬ್ಬಳದೇ ಎಂದು ಹೇಗೆ ಹೇಳುತ್ತೀಯೆ?

ನಿನ್ನ ಅಧ್ಯಾಪಕರ ನಗೆಗೆ ಹೆಚ್ಚು ಮಾತು ಖರ್ಚು ಮಾಡಲಾರೆ. 1938ರ ಸೂಪರ್‌ಮ್ಯಾನ್ ಮೊದಲ ಸಂಚಿಕೆಯಲ್ಲೇ ಹೆಂಡತಿಯನ್ನು ಹೊಡೆಯುವವನನ್ನು ಹಿಡಿದ, ನಿರಪರಾಧಿ ಹೆಂಗಸನ್ನು ಮರಣದಂಡನೆಯಿಂದ ಉಳಿಸಿದ. ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ, 1941ರ ಮಾರ್ಚ್ ಸಂಚಿಕೆಯ ಮುಖಪುಟದಲ್ಲಿ ಜೋ ಸೈಮನ್ ಮತ್ತು ಕರ್ಬಿಯ ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದಿದ. 1954ರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಂದು ಅಲ್ಲಿನ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಾವೇ ಒಂದು ಸಂಹಿತೆ ಮಾಡಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು ಎಂಬುದು ಅದರ ಒಂದು ನಿಯಮ. ಈ ಪುಟಗಳಿಗೆ ಕಡಿವಾಣ ಹಾಕಲು ಅಷ್ಟು ದೊಡ್ಡವರು ಅಷ್ಟು ಶ್ರಮಪಟ್ಟಿದ್ದರೆ, ಆ ಬರಹಕ್ಕೆ ಬೆಲೆಯಿತ್ತೆಂದೇ ಅರ್ಥ.

ನಮ್ಮಲ್ಲೂ ಕಥೆ ಬೇರೆಯಲ್ಲ. ಅಮರ ಚಿತ್ರ ಕಥೆ ಎಂದೊಡನೆ ಅದರ ಸಂಪಾದಕರಾಗಿದ್ದ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ‘ಕೃಷ್ಣ’ ಸಂಚಿಕೆಗೆ ರೂಪ ಕೊಟ್ಟ ಚಿತ್ರಕಾರ ರಾಮ್ ವಾಯಿರ್ಕರ್ ಹೆಸರನ್ನು ಎಷ್ಟು ಮಂದಿ ಬಲ್ಲರು? ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನಿಂದ ನಿನಗೆ ಓದಿನ ಹುಚ್ಚು ಹಿಡಿಯಿತೆಂದು ಬರೆದಿದ್ದೀಯಲ್ಲ, ಆ ಇಲಿಯನ್ನು ಬರೆದ ಕೈ ಯಾರದೆಂದು ಒಮ್ಮೆಯಾದರೂ ಕೇಳಿಕೊಂಡಿದ್ದೀಯಾ?

ನಾನು ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ. ನನ್ನ ಚಿಕ್ಕ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಚಿತ್ರಕಥೆಗಳನ್ನು ಬರೆಯುತ್ತಿದ್ದೆ. ಚಿತ್ರ ಬರೆದುಕೊಡುತ್ತಿದ್ದವನು ದೇವರಾಜ ಮಾರುಕಟ್ಟೆಯ ಹತ್ತಿರ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಗೆಳೆಯ. ರಾತ್ರಿ ಕೂತು, ಬ್ಯಾನರಿಗೆ ಬಳಸಿ ಸವೆದ ಕುಂಚವನ್ನು ಬ್ಲೇಡಿನಿಂದ ಸಣ್ಣಗೆ ಕತ್ತರಿಸಿಕೊಂಡು ಬರೆಯುತ್ತಿದ್ದ. ಅವನ ಹೆಸರನ್ನೂ ಹಾಕಿ ಎಂದು ನಾನು ಎಷ್ಟು ಸಲ ಕೇಳಿದರೂ, ಚಿತ್ರಕ್ಕೆ ದುಡ್ಡು ಕೊಟ್ಟಾಗಿದೆಯಲ್ಲ ಎಂಬುದೊಂದೇ ಸಂಪಾದಕರ ಉತ್ತರ. ಗೆಳೆಯ ಹೋಗಿಬಿಟ್ಟ. ಅವನ ಮೊಮ್ಮಗಳಿಗೆ ತೋರಿಸಲು ಹೆಸರಿರುವ ಒಂದು ಪುಟವೂ ಅವರ ಮನೆಯಲ್ಲಿಲ್ಲ. ಆ ಸಂಪಾದಕರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ಇಲ್ಲ.

ಆದ್ದರಿಂದ ಮೂರನೆಯ ಪ್ರಕಾಶಕರಿಗೆ ಕಳುಹಿಸುವ ಮುಂಚೆ ಮೊದಲ ಪುಟವನ್ನು ಬದಲಾಯಿಸು. ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿರಲಿ. ಬರುವ ಗೌರವಧನ ಹೇಗೆ ಹಂಚಿಕೆಯಾಗಬೇಕೆಂಬುದನ್ನು ನೆಂಟಸ್ತಿಕೆಯ ನಂಬಿಕೆಗೆ ಬಿಡದೆ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂದೆ ಯಾರಾದರೂ ಸಿನಿಮಾಕ್ಕೋ ಇನ್ನೊಂದಕ್ಕೋ ನಾಯಕಿಯನ್ನು ಕೇಳಿಕೊಂಡು ಬಂದರೆ ಇಬ್ಬರ ಒಪ್ಪಿಗೆಯೂ ಬೇಕೆಂದು ಅದರಲ್ಲಿರಲಿ. ಮೂಲ ಚಿತ್ರಗಳು ಅವನ ಮನೆಯಲ್ಲೇ ಉಳಿಯಲಿ, ಪ್ರಕಾಶಕರಿಗೆ ಸ್ಕ್ಯಾನ್ ಮಾಡಿದ ಪ್ರತಿ ಸಾಕು.

ಇಷ್ಟು ಪುಟಗಳನ್ನು ಬರೆಯಲು ಅವನು ಎಷ್ಟು ದಿನದ ಬೋರ್ಡ್ ಕೆಲಸ ಬಿಟ್ಟ, ಅದಕ್ಕೆ ನೀನು ಅವನಿಗೆ ಏನು ಕೊಟ್ಟೆ ಎಂಬುದನ್ನು ನಿನ್ನ ಕಾಗದದಲ್ಲಿ ಎಲ್ಲಿಯೂ ಬರೆದಿಲ್ಲ. ಮರುಟಪಾಲಿಗೆ ಅದನ್ನು ತಿಳಿಸು.

ಇತಿ,
ನಿನ್ನ ಒಳಿತನ್ನೇ ಬಯಸುವ ಹಿರಿಯ