ಗುಲಾಬಿ ಚಟ್ಟಿಗಳನ್ನು ಈಗಲೇ ತರಬೇಡ

ಪ್ರಿಯ ಗೆಳೆಯ,

ಮೈಸೂರಿನ ಮನೆ ಖಾಲಿ ಮಾಡಿ ಕಾಸರಗೋಡಿನ ಬದಿಯಡ್ಕಕ್ಕೆ ಬರುವಾಗ ನಲವತ್ತು ಚಟ್ಟಿ ಗುಲಾಬಿಯನ್ನೂ ಲಾರಿಗೆ ಏರಿಸುತ್ತೇನೆ ಎಂದಿದ್ದೀಯ. ಏರಿಸು, ಆದರೆ ಮೇ ತಿಂಗಳಲ್ಲಿ ಬೇಡ. ನಮ್ಮಲ್ಲಿ ನೀರಿಲ್ಲದೆ ಒಣಗಿದ ಹೂಗಿಡಕ್ಕಿಂತ ನೀರು ಹೆಚ್ಚಾಗಿ ಕೊಳೆತದ್ದೇ ಜಾಸ್ತಿ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನ ಕಳೆದ ಕೂಡಲೇ ಚಟ್ಟಿಗಳನ್ನು ಕಲ್ಲಿನ ಮೇಲೇರಿಸಿ, ತಳದ ತೂತಿಗೆ ಕಡ್ಡಿ ಹಾಕಿ ನೋಡುವುದು ನನ್ನ ಕ್ರಮ. ಕಳೆದ ವರ್ಷ ಉದಾಸೀನದಿಂದ ನಾಲ್ಕು ಆಂಥೂರಿಯಂ ಮಾಡಿನ ನೀರು ಬೀಳುವಲ್ಲೇ ಉಳಿದವು. ಆಟಿ ತಿಂಗಳು ಮುಗಿಯುವಾಗ, ಅಂದರೆ ಆಗಸ್ಟ್ ನಡುವಿನಲ್ಲಿ, ಹಿಡಿದೆತ್ತಿದರೆ ಗಿಡ ಮಾತ್ರ ಕೈಗೆ ಬಂತು. ಬೇರು ಕಂದು ಲೋಳೆಯಾಗಿ ಚಟ್ಟಿಯಲ್ಲೇ ಇತ್ತು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ತುಂಬಿಸಿದ ಚಟ್ಟಿಯವು ಜಗಲಿಯಲ್ಲಿ ಈಗಲೂ ಹೂ ಬಿಡುತ್ತಿವೆ.

ಆಫ್ರಿಕನ್ ಬಸವನಹುಳವೆಂಬ ಪೀಡೆ ಬೇರೆ. ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ ಇಟ್ಟರೆ ರಾತ್ರಿ ಅಲ್ಲೇ ಸಭೆ ಸೇರುತ್ತವೆ. ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕು. ಗಿಡದ ಬುಡಕ್ಕೆ ಉಪ್ಪು ಸುರಿಯುವ ಬುದ್ಧಿವಂತರ ಮಾತು ಕೇಳಬೇಡ.

ಹಾಗೆಂದು ಮಳೆಗಾಲವನ್ನು ಬೈಯಲಾರೆ. ದಾಸವಾಳ, ಕ್ರೋಟನ್‌ಗಳ ಗೆಲ್ಲು ಊರಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬೇಲಿಯ ಗೌರಿಹೂ ಯಾರ ಆರೈಕೆಯೂ ಇಲ್ಲದೆ ಕೆಂಪಾಗಿ ಅರಳುವುದೂ ಆಗಲೇ. ಆಟಿಯ ಮರುತಿಂಗಳಾದ ಸೋಣದ ಹೊಸ್ತಿಲ ಪೂಜೆಗೆ ಅಂಗಳದಲ್ಲಿ ಹೂವಿಗೆ ಬರವಿಲ್ಲ.

ತುಲಾ ತಿಂಗಳ ಗುಡುಗು ಮಳೆ ಹಿಂದೆ ಸರಿದ ಮೇಲೆ, ಅಂದರೆ ನವೆಂಬರ್‌ನಲ್ಲಿ, ಗುಲಾಬಿಗೆ ಕತ್ತರಿ. ಚಿಗುರೊಡೆಯುವ ಹೊರಮುಖದ ಕಣ್ಣಿಗಿಂತ ಕಾಲಿಂಚು ಮೇಲೆ, ಓರೆಯಾಗಿ. ಬುಡಕ್ಕೆ ಹಳೆಯ ಹಟ್ಟಿಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಬೋಗನ್‌ವಿಲ್ಲಾದ ಸ್ವಭಾವವೇ ಬೇರೆ. ಮಳೆಯಲ್ಲಿ ಬರೀ ಎಲೆ, ಮುಳ್ಳು. ಜನವರಿಯಿಂದ ನೀರು ತಡೆಹಿಡಿದರೆ, ಎಲೆ ಜೋತು ಬಿದ್ದಾಗ ಮಾತ್ರ ಕೊಟ್ಟರೆ, ಮೈತುಂಬ ಬಣ್ಣ. ಆ ಬಣ್ಣ ಹೂವಿನದಲ್ಲ, ಎಲೆಯದು. ನಡುವಿನ ಸಣ್ಣ ಬಿಳಿ ಕೊಳವೆಯೇ ಹೂ.

ಮಾರ್ಚ್ ಬಂತೆಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಅಂಗಳ ಕಾದ ಕಾವಲಿ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಸಪೂರವಾಗುತ್ತದೆ, ಅದರಲ್ಲೂ ಅಡಿಕೆಗೆ ಮೊದಲ ಪಾಲು. ಹೂಗಿಡಕ್ಕೆ ಅಕ್ಕಿ ತೊಳೆದ ನೀರು, ಬುಡಕ್ಕೆ ದಪ್ಪಗೆ ತರಗೆಲೆ.

ಆದ್ದರಿಂದ ನವೆಂಬರ್‌ನಲ್ಲಿ ತಾ. ನಲವತ್ತರಲ್ಲಿ ಹತ್ತನ್ನಾದರೂ ಅಲ್ಲಿಯ ನೆರೆಯವರಿಗೆ ಕೊಟ್ಟು ಬಾ. ನಿನ್ನ ಇಲ್ಲಿಯ ಜಗಲಿಯನ್ನು ನಾನು ಅಳೆದು ನೋಡಿದ್ದೇನೆ.

ನಿನ್ನ ಗೆಳೆಯ