ಶನಿವಾರದ ಹದಿನಾಲ್ಕು ಪುಟ

ನಮ್ಮ ಸಂಘದ ಸುದ್ದಿಪತ್ರದ ಈ ಸಂಚಿಕೆ ತಡವಾದುದಕ್ಕೆ ಮುದ್ರಕರನ್ನು ದೂರಬೇಡಿ. ಬಾಗಲಕೋಟೆಯಿಂದ ಮರಳುವಾಗ ತಂದ ಕಾದಂಬರಿಗಳಲ್ಲಿ ಸಂಪಾದಕ (ನಾನೇ) ಮುಳುಗಿದ್ದ. ಓದುತ್ತಿದ್ದ ಎಂದರೆ ಪೂರ್ತಿ ನಿಜವಾಗುವುದಿಲ್ಲ, ಓದಿ ಹೇಳುತ್ತಿದ್ದ.

ನಾನು ಹುಡುಗನಾಗಿದ್ದಾಗ ಇದ್ದ ಓದಿನ ಹಸಿವೇ ಬೇರೆ. ವಾರಪತ್ರಿಕೆಯ ಧಾರಾವಾಹಿಗಾಗಿ ಬಸ್ ನಿಲ್ದಾಣದ ಪುಸ್ತಕದಂಗಡಿಯ ಮುಂದೆ ಕಾಯುತ್ತಿದ್ದೆ, ನಾಲ್ಕುನೂರು ಪುಟದ ಕಾದಂಬರಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿ ಮರುದಿನ ತರಗತಿಯಲ್ಲಿ ತೂಕಡಿಸುತ್ತಿದ್ದೆ. ಈ ಪರದೇಶಕ್ಕೆ ಬಂದ ಮೇಲೆ ವಿಮಾನ ನಿಲ್ದಾಣಗಳ ಇಂಗ್ಲಿಷ್ ಪತ್ತೇದಾರಿ, ಆಮೇಲೆ ಇ-ಪುಸ್ತಕ. ಕೊಂಡದ್ದು ಹೆಚ್ಚು, ತೆರೆದದ್ದು ಕಡಿಮೆ. ಕಚೇರಿಯ ದಾರಿಯಲ್ಲಿ ಧ್ವನಿಪುಸ್ತಕಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದನ್ನೂ ಕಲಿತೆ. ಒಂದು ವರ್ಷದಲ್ಲಿ ಎಷ್ಟು ಪುಸ್ತಕ ಮುಗಿಸಿದೆ ಎಂದು ಮೊಬೈಲ್ ಲೆಕ್ಕ ಕೊಟ್ಟಿತು. ಅವುಗಳಲ್ಲಿ ಎರಡರ ಕಥೆಯನ್ನೂ ನೆಟ್ಟಗೆ ಹೇಳಲು ನನಗೆ ಬರಲಿಲ್ಲ.

ಇದು ಬದಲಾದದ್ದು ಅವ್ವನ ಕಣ್ಣಿನಿಂದ. ಪೊರೆ ತೆಗೆಸಿದ ಮೇಲೂ ಅವಳಿಗೆ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಟಿ.ವಿ. ಧಾರಾವಾಹಿಯಲ್ಲಿ ಆರು ತಿಂಗಳಿಂದ ಒಂದೇ ಮದುವೆ ನಡೆಯುತ್ತಿದೆ ಎಂಬುದು ಅವಳ ದೂರು. ಹಾಗಾಗಿ ಶನಿವಾರಕ್ಕೊಮ್ಮೆ ಫೋನಿನಲ್ಲಿ ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ಇಲ್ಲಿ ಬೆಳಗಿನ ಎಂಟು, ಬಾಗಲಕೋಟೆಯ ನವನಗರದ ಮನೆಯಲ್ಲಿ ಸಂಜೆ ಆರೂವರೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಹಿಂದೆ ಸರಿದು ಅಲ್ಲಿ ಏಳೂವರೆಯಾಗುತ್ತದೆ, ಆಗ ರೊಟ್ಟಿ ಬಡಿಯುವ ಸದ್ದು ಹಿನ್ನೆಲೆಯಲ್ಲಿ ಸೇರುತ್ತದೆ. ಒಂದು ಗಂಟೆಗೆ ಹದಿನಾಲ್ಕು ಪುಟ. ಅದಕ್ಕಿಂತ ಹೆಚ್ಚು ಓದಿದರೆ ನನ್ನ ಗಂಟಲು ಕಟ್ಟುತ್ತದೆ, ಅವಳ ಔಷಧದ ಹೊತ್ತು ತಪ್ಪುತ್ತದೆ.

ಮೊದಲು ಹಿಡಿದದ್ದು ರಾವಬಹಾದ್ದೂರರ ‘ಗ್ರಾಮಾಯಣ’. 1957ರ ಕಾದಂಬರಿ. ಬರೆದವರು ಅಂದಿನ ವಿಜಾಪುರ ಜಿಲ್ಲೆಯವರೇ, ಅಂದರೆ ನಮ್ಮವರೇ. ಪಾದಳ್ಳಿ ಎಂಬ ಊರು ಕಣ್ಣೆದುರೇ ಕೆಡುತ್ತ ಹೋಗುವ ಕಥೆ, ಒಬ್ಬನೇ ನಾಯಕ ಎಂಬುದಿಲ್ಲ, ಇಡೀ ಊರೇ ನಾಯಕ. ಇಂಥದೊಂದು ಪುಸ್ತಕ ಮನೆಯ ಅಂಗಳದಲ್ಲಿದ್ದರೂ ನಾನು ಐವತ್ತು ದಾಟುವವರೆಗೆ ಮುಟ್ಟಿರಲಿಲ್ಲ. ಏಕೆ ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ತೆರೆದಿದ್ದೆ. ಮಾತುಕತೆಯೆಲ್ಲ ನಮ್ಮ ಓಣಿಯ ಭಾಷೆಯಲ್ಲಿತ್ತು. ಪಠ್ಯಪುಸ್ತಕದ ಕನ್ನಡಕ್ಕೆ ಪಳಗಿದ್ದ ಕಣ್ಣಿಗೆ ಅದು ಅಚ್ಚಿನ ತಪ್ಪಿನಂತೆ ಕಂಡು ಮುಚ್ಚಿಟ್ಟಿದ್ದೆ. ಮಾತನಾಡುವುದು ಒಂದು ಕನ್ನಡ, ಪುಸ್ತಕದಲ್ಲಿರಬೇಕಾದದ್ದು ಇನ್ನೊಂದು ಎಂದು ನಂಬಿ ಬೆಳೆದ ಹುಡುಗರು ನಾವು.

ಈಗ ಅದೇ ಸಾಲುಗಳನ್ನು ಬಾಯಿಬಿಟ್ಟು ಓದಿದಾಗ ಎರಡನೆಯ ಪುಟಕ್ಕೇ ತೀರಿಹೋದ ನನ್ನ ಕಾಕಾನ ದನಿ ನನ್ನ ಗಂಟಲಿನಿಂದ ಹೊರಟಿತು. ಕಣ್ಣು ತಡವರಿಸಿದಲ್ಲಿ ಕಿವಿ ಸಲೀಸಾಗಿ ನಡೆಯಿತು. ಅವ್ವ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಒಂದು ಬೈಗುಳವನ್ನು ನಾನು ಬೆಂಗಳೂರಿನವರಂತೆ ಮೆತ್ತಗೆ ಓದಿದೆನೆಂದು ಮೂರು ಸಲ ಓದಿಸಿದಳು. ಇಪ್ಪತ್ತೆಂಟು ವರ್ಷ ಪರದೇಶದಲ್ಲಿದ್ದ ಮಗನಿಗೆ ಎಂಬತ್ತರ ಹತ್ತಿರದ ತಾಯಿ ಫೋನಿನಲ್ಲಿ ಬೈಯಲು ಕಲಿಸುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡ ನನ್ನ ಹೆಂಡತಿ ಏನೆಂದಳು ಎಂಬುದು ಈ ಸುದ್ದಿಪತ್ರದಲ್ಲಿ ಅಚ್ಚಾಗುವಂಥದ್ದಲ್ಲ.

ಆಮೇಲೆ ಕಂಬಾರರ ‘ಕರಿಮಾಯಿ’. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂದಾಗ ನಮ್ಮ ಸಂಘದಲ್ಲಿ ಪೇಡೆ ಹಂಚಿದ್ದೆವು. ಹಂಚಿದವರಲ್ಲಿ ಎಷ್ಟು ಜನ ಅವರನ್ನು ಓದಿದ್ದೆವು ಎಂದು ಆಗ ಯಾರೂ ಕೇಳಲಿಲ್ಲ, ಪುಣ್ಯ. ಈ ಕಾದಂಬರಿಯನ್ನು ಸುಮ್ಮನೆ ಕಣ್ಣಾಡಿಸಿ ಓದುವುದು ಬಯಲಾಟವನ್ನು ಫೋಟೋದಲ್ಲಿ ನೋಡಿದಂತೆ. ಕೇಳುವವರು ಎದುರು ಕುಳಿತಿದ್ದಾರೆಂದೇ ಹೇಳುವ ಕಥೆ ಅದು. ಊರನ್ನು ಸುಧಾರಿಸಲು ಹೊರಟ ವಿದ್ಯಾವಂತ ಗುಡಸೀಕರ ಬಂದಾಗಲೆಲ್ಲ ಅವ್ವ ನಗುತ್ತಿದ್ದಳು. ಅಂಥವನೊಬ್ಬ ನಮ್ಮ ಬಂಧುಬಳಗದಲ್ಲೂ ಇದ್ದಾನೆ. ಅವನೂ ಈ ಪತ್ರಿಕೆಯ ಚಂದಾದಾರ, ಆದ್ದರಿಂದ ಮುಂದುವರಿಯುವುದಿಲ್ಲ.

ಗೋಕಾಕ ಸೀಮೆಯ ರಾಘವೇಂದ್ರ ಪಾಟೀಲರ ‘ತೇರು’ ಈಗ ನಡೆಯುತ್ತಿದೆ. 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಧರಮನಟ್ಟಿಯ ವಿಠ್ಠಲನ ತೇರು, ಆ ತೇರಿಗೆ ಪ್ರತಿವರ್ಷ ತಮ್ಮ ರಕ್ತದ ತಿಲಕ ಇಡಬೇಕಾದ ಒಂದು ಮನೆತನ. ಓದುತ್ತಿದ್ದಾಗ ಅವ್ವ ಒಂದು ಪೂರ್ತಿ ನಿಮಿಷ ಮಾತನಾಡಲಿಲ್ಲ. ಸಂಪರ್ಕ ಕಡಿದುಹೋಯಿತೇನೋ ಎಂದು ನಾನು ಹಲೋ ಹಲೋ ಎಂದೆ. ಮುಂದೆ ಓದು ಎಂದಳು, ಅಷ್ಟೇ.

ಧ್ವನಿಪುಸ್ತಕಗಳ ಮೇಲೆ ನನಗೆ ಹಗೆಯಿಲ್ಲ. ಅವುಗಳಿಂದಾಗಿ ಕನ್ನಡ ಕಾದಂಬರಿ ಇಲ್ಲಿನ ಎಷ್ಟೋ ಕಾರುಗಳೊಳಗೆ ಮೊದಲ ಬಾರಿಗೆ ಬಂದಿದೆ. ಆದರೆ ಈಚೆಗೆ ಕೇಳಿದ ಒಂದರಲ್ಲಿ ನಮ್ಮ ಕಡೆಯ ಮುದುಕಿಯ ಮಾತನ್ನು ಓದಿದವರು ಸಿನಿಮಾ ಹಾಸ್ಯನಟನ ಧಾಟಿಯಲ್ಲಿ ಎಳೆದೆಳೆದು ಹೇಳಿದ್ದರು. ಆ ಮುದುಕಿ ಆಗ ಮಗನ ಹೆಣದ ಮುಂದೆ ಕುಳಿತಿದ್ದಳು. ಉತ್ತರ ಕರ್ನಾಟಕದವರು ಬಾಯಿ ತೆರೆದರೆ ನಗಬೇಕು ಎಂಬ ಈ ರೂಢಿ ಎಂದು ಹೋಗುತ್ತದೋ.

ಈ ಬಾರಿ ಊರಿಗೆ ಹೋದಾಗ ಸಿಕ್ಕ ಇನ್ನೊಂದು ಪುಸ್ತಕದ ವಿಷಯ ಹೇಳಬೇಕು. ಅವ್ವನ ಟ್ರಂಕಿನ ತಳದಲ್ಲಿ, ಇರಕಲ್ ಸೀರೆಗಳ ಕೆಳಗೆ ಇತ್ತು. ಕಂದು ಕಾಗದದ ಹೊದಿಕೆ, ದಾರದ ಹೊಲಿಗೆ, ಒಳಗೆ ನೇರಳೆ ಶಾಯಿಯ ಮೊಹರು, ದಿನಕ್ಕೆ ಐದು ಪೈಸೆ ಬಾಡಿಗೆ. ಹಳೆಯ ಬಾಗಲಕೋಟೆಯಲ್ಲಿ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಒಂದು ಸಣ್ಣ ಅಂಗಡಿಯದು. ಆಲಮಟ್ಟಿಯ ಹಿನ್ನೀರಿಗೆ ಆ ಓಣಿ ಮುಳುಗಡೆಯಾಗುವ ಮೊದಲೇ ಅಂಗಡಿಯವರು ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಎಲ್ಲಿಗೋ ಹೋದರಂತೆ. ಹಿಂದಿರುಗಿಸಲು ವಿಳಾಸವಿಲ್ಲದೆ ಇದೊಂದು ನಮ್ಮಲ್ಲೇ ಉಳಿಯಿತು. ಅವ್ವ ಇಂದಿಗೂ ಬಾಡಿಗೆಯ ಲೆಕ್ಕ ಹಾಕಿ ಚಡಪಡಿಸುತ್ತಾಳೆ.

ಕಾದಂಬರಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. 112ನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದಾರೆ: ‘ಇವಳು ಕೊನೆಗೆ ಸಾಯುತ್ತಾಳೆ.’ ಅಕ್ಷರ ಗುಂಡಗೆ, ಒತ್ತಿ ಬರೆದದ್ದು. ಇಂಥ ದುಷ್ಟರು ಎಲ್ಲ ಕಾಲದಲ್ಲೂ ಇರುತ್ತಾರೆ ಎಂದು ಬೈಯುತ್ತ ಅವ್ವನಿಗೆ ಓದಿ ತೋರಿಸಿದೆ. ಅವಳು ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಬರೆದವಳು ಅವಳೇ. ಹೊಸ ಸೊಸೆಯಾಗಿದ್ದಾಗ ಅವಳು ಬಾಡಿಗೆಗೆ ತಂದ ಪುಸ್ತಕವನ್ನು ನೆಗೆಣ್ಣಿ, ಅಂದರೆ ನಮ್ಮ ದೊಡ್ಡವ್ವ, ಅರ್ಧಕ್ಕೇ ಕಸಿದುಕೊಂಡು ತಾನು ಮೊದಲು ಓದುತ್ತಿದ್ದಳಂತೆ. ಎದುರಾಡುವಂತಿರಲಿಲ್ಲ. ಮಾವನ ಲೆಕ್ಕದ ಪುಸ್ತಕದ ಪೆನ್ಸಿಲು ಕೈಗೆ ಸಿಕ್ಕಿತು. ದೊಡ್ಡವ್ವ ಎರಡು ದಿನ ಮಾತು ಬಿಟ್ಟಿದ್ದಳಂತೆ, ಆದರೆ ಏಕೆ ಎಂದು ಮನೆಯಲ್ಲಿ ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇಬ್ಬರೂ ಕಾದಂಬರಿ ಓದುವುದು ಅತ್ತೆಗೆ ಗೊತ್ತಾಗುತ್ತಿತ್ತು.

ನಮ್ಮ ಮಕ್ಕಳ ಓದಿನ ಬಗ್ಗೆಯೂ ಬರೆಯಿರಿ ಎಂದು ಕೆಲವರು ಕೇಳಿದ್ದಾರೆ. ಒಂದೇ ಮಾತು. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅದನ್ನು ಮೊದಲು ಕೊಂಡು ಓದಿದ್ದು ನನ್ನ ಮಗಳು. ಮೂಲ ಎಲ್ಲಿದೆ ಎಂದು ಕೇಳಿದಳು. ಮನೆಯಲ್ಲಿ ಇರಲಿಲ್ಲ. ಸಂಪಾದಕನ ಮನೆಯಲ್ಲಿ!

ಅದಕ್ಕೇ ಈ ಸಲ ಇಪ್ಪತ್ಮೂರು ಕಿಲೋದ ಪೆಟ್ಟಿಗೆಯಲ್ಲಿ ಅಮೀನಗಡದ ಕರದಂಟು, ಶೇಂಗಾ ಹಿಂಡಿ ಮತ್ತು ಕಾದಂಬರಿಗಳ ನಡುವೆ ದೊಡ್ಡ ಜಗಳವೇ ನಡೆಯಿತು. ಖಡಕ್ ರೊಟ್ಟಿಯ ಎರಡು ಕಟ್ಟು ಊರಿನಲ್ಲೇ ಉಳಿದವು. ಹತ್ತೊಂಬತ್ತು ಪುಸ್ತಕ ಬಂದಿವೆ, ನಮ್ಮ ಮನೆಯ ಮುಂಬಾಗಿಲ ಪಕ್ಕದ ಕಪಾಟಿನಲ್ಲಿವೆ. ಸಂಘದ ಸದಸ್ಯರು ಬಂದು ಒಯ್ಯಬಹುದು. ಬಾಡಿಗೆ ಇಲ್ಲ, ಗಡುವಿಲ್ಲ. ಶನಿವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಮಾತ್ರ ಕರೆಗಂಟೆ ಒತ್ತಬೇಡಿ. ಬರುವಾಗ ಪೆನ್ಸಿಲು ತರಬೇಡಿ.